ಎಡಪುಟವಿಲ್ಲದ ಗ್ರಂಥಾಲಯ

ನಮ್ಮ ಮಾವನವರಿಗೆ ಪುಸ್ತಕ ಕಂಡರಾಗದು ಎಂದೇ ಇಪ್ಪತ್ತು ವರ್ಷ ನಂಬಿದ್ದೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಮನುಷ್ಯ, ಮನೆಯಲ್ಲಿ ಒಂದೇ ಒಂದು ಪುಸ್ತಕ ಮುಟ್ಟುತ್ತಿರಲಿಲ್ಲ! ಆಮೇಲೆ ತಿಳಿಯಿತು: ಪ್ರೆಸ್ಸಿನಲ್ಲಿ ಒಬ್ಬರು ಹಸ್ತಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದುತ್ತಾರೆ. ಮಾವನವರ ಪಾಲಿಗೆ ಓದುವುದು ಇಬ್ಬರ ಕೆಲಸ. ಒಬ್ಬರೇ ಓದುವುದೆಂದರೆ ಒಬ್ಬರೇ ಕೂತು ಹರಟೆ ಹೊಡೆದಂತೆ!

ಹೋದ ತಿಂಗಳು, ಅವರ ಕಣ್ಣಿನ ಆಪರೇಷನ್ನಿನ ಹಿಂದಿನ ಸಂಜೆ, ನಮ್ಮ ಸೋಫಾದಲ್ಲಿ ಕೂತು ಕೇಳಿದರು.

"ಅಳಿಯಂದ್ರೇ, ಒಂದು ಹಳೇ ಕಥೆ. ಹಡಗಿನಲ್ಲಿ ಅಡುಗೆ ಮಾಡೋನೊಬ್ಬ ಎಷ್ಟೋ ವರ್ಷದ ಮೇಲೆ ಮನೆಗೆ ಬರ್ತಾನೆ, ಬಾಗಿಲು ತೆರೆದೇ ಇರುತ್ತೆ. ನಾಳೆ ಏನಾಗುತ್ತೋ ಏನೋ, ಅದನ್ನೊಂದು ಸಲ ಓದಿ ಹೇಳ್ತೀರಾ?"

"ಒಂದೇ ನಿಮಿಷ ಮಾವ!" ಎಂದು ಇ-ರೀಡರನ್ನು ಖಡ್ಗದಂತೆ ಹಿರಿದೆ. ಸಾವಿರದ ಆರುನೂರು ಪುಸ್ತಕಗಳ ಒಡೆಯ ನಾನು!

"ಅದರಲ್ಲಿ ಓದಿದ್ದೆಷ್ಟು?" ಎಂದಳು ಹೆಂಡತಿ, ಆಸ್ಪತ್ರೆಯ ಚೀಲಕ್ಕೆ ಟವೆಲ್ ತುರುಕುತ್ತ.

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

'ಬಾಗಿಲು' ಎಂದು ಒತ್ತಿದೆ. ಮೂರು ಸಾವಿರದ ಎಂಟುನೂರು ಬಾಗಿಲು! ನನ್ನ ಲೇಖಕರೆಲ್ಲ ಬಡಗಿಗಳೇ ಇರಬೇಕು! ಜೊತೆಗೆ 'ಹಡಗು' ಸೇರಿಸಿದೆ. ಒಂದೂ ಇಲ್ಲ. ಹಳೆಯ ಪುಸ್ತಕಗಳೆಲ್ಲ ಬರೀ ಪುಟಗಳ ಫೋಟೋ. ಯಂತ್ರದ ಕಣ್ಣಿಗೆ ಅವು ಅಕ್ಷರಗಳೇ ಅಲ್ಲ.

"ಎಡಗಡೆ ಪುಟ, ಕೆಳಗಿಂದ ಮೂರನೇ ಸಾಲು" ಎಂದರು ಮಾವ, ಸಹಾಯವಾಗಲೆಂದು.

"ಇದರಲ್ಲಿ ಎಡಗಡೆ ಪುಟಾನೇ ಇರಲ್ಲ ಮಾವ."

"ಅಯ್ಯೋ! ಅರ್ಧ ಪುಸ್ತಕ ಕೊಟ್ಟು ಕಳಿಸಿದ್ದಾರಾ?"

ಅವಮಾನ ತಾಳದೆ ಸಿಕ್ಕಸಿಕ್ಕ ಗುಂಡಿ ಒತ್ತಿದೆ. 'ಪಟ್ಟಿಯನ್ನು ಹೊಸದಾಗಿ ತಯಾರಿಸಲೇ?' ಎಂದು ಯಂತ್ರ ಕೇಳಿತು. ಹೂಂ ಅಂದುಬಿಟ್ಟೆ. ನನ್ನ ಸಾಮ್ರಾಜ್ಯ ಮಾಯ! ಪರದೆಯ ಮೇಲೆ ಒಂದೇ ಸಾಲು: 'ಬಾಕಿ ಪುಸ್ತಕಗಳು 1,600.' ಐದು ನಿಮಿಷ ಬಿಟ್ಟು ನೋಡಿದರೆ 1,599.

"ರೀ, ಈ ವೇಗದಲ್ಲಿ ಅಪ್ಪನ ಕಣ್ಣು ವಾಸಿಯಾಗಿ ಅವರೇ ಓದ್ಕೋತಾರೆ ಬಿಡಿ!"

ಎರಡು ಗಂಟೆ ಕಳೆಯಿತು. ಮಾವನವರ ಬೆರಳುಗಳು ಅಂಗಿಯ ಅಂಚನ್ನು ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಇದ್ದವು. ಅದನ್ನು ಆಗಷ್ಟೇ ಗಮನಿಸಿದೆ. ಯಂತ್ರವನ್ನು ಕೆಳಗಿಟ್ಟೆ.

"ಸಿಗಲಿಲ್ಲ ಮಾವ. ಸೋತೆ."

ಅವರು ಕಣ್ಣು ಮುಚ್ಚಿ ತಾವೇ ಶುರು ಮಾಡಿದರು. "ಹಡಗಿನಿಂದ ಇಳಿದು ಅಲ್ಪವಿರಾಮ ಅವನು ಮನೆಯ ಕಡೆ ನಡೆದ ಪೂರ್ಣವಿರಾಮ ಬಾಗಿಲು ತೆರೆದೇ ಇತ್ತು ಪೂರ್ಣವಿರಾಮ..." ಇಡೀ ಪುಟ, ಒಂದು ಚಿಹ್ನೆಯೂ ತಪ್ಪದೆ!

"ಮಾವ! ಬಾಯಿಪಾಠ ಇರೋದನ್ನ ನನ್ನ ಕೈಲಿ ಎರಡು ಗಂಟೆ ಯಾಕೆ ಹುಡುಕಿಸಿದ್ರಿ?"

"ಭಯ ಆಗ್ತಿತ್ತು. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ ಅಂದಿದ್ರೆ ಕೂತ್ಕೋತಿದ್ರಾ?"