ಗೋಲ್‌ಕೀಪರನ ಚೌಕಶಿ

ಶಹಾಪುರದವರು ತಾವಾಗಿಯೇ ಗೋಲ್‌ಕೀಪರನನ್ನು ಕೊಡುತ್ತೇವೆ ಅಂದಾಗಲೇ ಹಾಶಿಮನಿಗೆ ಸಂಶಯ ಬಂತು. ಸಂಶಯ ಅವನಿಗೆ ಹುಟ್ಟುಗುಣ. ರಂಗಂಪೇಟೆಯಲ್ಲಿ ಅವನದು ಟೇಲರ್ ಅಂಗಡಿ. ಗಿರಾಕಿ ತನ್ನ ಸೊಂಟದ ಅಳತೆ ಹೇಳಿದರೂ ಟೇಪು ಸುತ್ತದೆ ಬಿಡುವವನಲ್ಲ. (ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಅಂದರೂ ಒಮ್ಮೆ ಕಲಕಿ ನೋಡುತ್ತಾನೆ.) ಇಂಥ ಮಹಾಶಯ ಊರಿನ ಹಾಕಿ ತಂಡದ ಮ್ಯಾನೇಜರ್.

ಶಹಾಪುರ ತಂಡದ ಹಿರಿಯ ಉಸ್ಮಾನಸಾಬರು ಹೇಳಿ ಕಳಿಸಿದ್ದು ಇಷ್ಟೇ: ನಮ್ಮ ಕೀಪರ್ ಫಿರೋಜ್‌ನನ್ನು ತಗೊಳ್ಳಿ, ನಿಮ್ಮ ಫಾರ್ವರ್ಡ್ ತೌಫೀಕ್‌ನನ್ನು ಕೊಡಿ. ಯಾದಗಿರಿಯ ಪಂದ್ಯಾವಳಿ ಹತ್ತಿರ ಬಂದಿತ್ತು. ಹಾಶಿಮನ ಗೋಲ್‌ಕೀಪರ್ ಮಂಡಿನೋವೆಂದು ಕೈಯೆತ್ತಿದ್ದ. ಮುಂದೆ ಓಡುವ ಹುಡುಗರು ಮಾತ್ರ ಬೇಕಾದಷ್ಟಿದ್ದರು. ತೊಡಕೆಂದರೆ ತೌಫೀಕ್ ಅವನ ಹೆಂಡತಿ ಗೌಹರಬೇಗಂಳ ತಮ್ಮ, ಇರುವುದೂ ಅವನ ಮನೆಯಲ್ಲೇ.

“ನನ್ನ ತಮ್ಮ ಒಂದ್ ರೊಟ್ಟಿ ಹೆಚ್ಚಿಗಿ ತಿಂತಾನಂತ ಊರು ಬಿಡಸಾಕತ್ತೀರೇನ್ರಿ?” ಎಂದಳು ಅವಳು.

“ಗೋಲ್ ಖಾಲಿ ಬಿದ್ದೈತಿ ಬೇಗಂ. ತಂಡ ನೋಡಬೇಕಲ್ಲ.”

“ಛಲೋ ಇದ್ದದ್ದು ಯಾರರ ಕೊಡ್ತಾರೇನು? ಕಣ್ಣು ಮಂದ ಇರ್ಬೇಕು, ಇಲ್ಲಾ ಏನರ ಚಟಾ ಇರ್ಬೇಕು.”

ಸಂಶಯದಲ್ಲಿ ಹೆಂಡತಿ ತನ್ನನ್ನು ಮೀರಿಸಿದ್ದು ಹಾಶಿಮನಿಗೆ ಸಹಿಸಲಾಗಲಿಲ್ಲ. ಮರುದಿನವೇ ಫಿರೋಜ್‌ನ ಊರು ದೋರನಹಳ್ಳಿಗೆ ಬಸ್ಸು ಹತ್ತಿದ. ಅದಲುಬದಲಿನ ಗುಟ್ಟು ಬಯಲಾಗದಿರಲೆಂದು ಹಾಕಿಯ ಹೆಸರೇ ಎತ್ತದೆ, ಹುಡುಗನ ನೆರೆಮನೆಯ ದುರಗಮ್ಮನ ಕಟ್ಟೆಯ ಮೇಲೆ ಕುಳಿತು ತನಿಖೆ, ಅವನ ಮಾತಿನಲ್ಲಿ ಚೌಕಶಿ, ಶುರು ಮಾಡಿದ.

“ಫಿರೋಜ್‌ನ ಕಣ್ಣು ನೆಟ್ಟಗ ಕಾಣ್ತಾವೇನವ್ವಾ? ಕೈಕಾಲು ಗಟ್ಟಿ ಅದಾವಾ? ಚಟಾ ಗಿಟಾ?”

“ಬಂಗಾರದಂಥಾ ಹುಡುಗ ಅದಾನ್ರಿ. ನಿಮ್ಮ ಮನ್ಯಾಗ ಲಗ್ನದ ಹುಡುಗಿ ಅದಾಳೇನ್ರಿ?”

“ತಂಗಿ ಅದಾಳ,” ಎಂದ ಹಾಶಿಮ. ಈ ಮುದುಕಿಗೆ ತನ್ನ ಮನೆಯ ಸುದ್ದಿ ಯಾಕೆ ಬೇಕೋ ಎಂದು ಅವಳ ಮೇಲೂ ಸಂಶಯಪಟ್ಟ. ಫಿರೋಜ್‌ನಲ್ಲಿ ಮಾತ್ರ ಎಳ್ಳಷ್ಟೂ ಐಬು ಸಿಗಲಿಲ್ಲ. ತೌಫೀಕ್‌ನನ್ನು ಕೊಟ್ಟೆ ಎಂದು ಉಸ್ಮಾನಸಾಬರಿಗೆ ಮಾತು ಕೊಟ್ಟುಬಿಟ್ಟ.

ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದರೆ ಪಡಸಾಲೆಯಲ್ಲಿ ಉಸ್ಮಾನಸಾಬರು, ಪಕ್ಕದಲ್ಲಿ ಫಿರೋಜ್‌ನ ತಾಯಿ, ನಡುವೆ ಪೇಢೆಯ ಡಬ್ಬಿ.

“ಫಿರೋಜ್ ನಮ್ಮ ಅಣ್ಣನ ಮಗಾನ ಆಗಬೇಕ್ರಿ,” ಎಂದರು ಉಸ್ಮಾನಸಾಬರು. “ತಂಗಿ ಲಗ್ನಕ್ಕಂತ ನೀವು ಹುಡುಗನ್ನ ವಿಚಾರಿಸಿ ಹೋದ್ರಂತ ದುರಗಮ್ಮ ಹೇಳಿದ್ಲು. ಈ ಸಂಬಂಧ ನಮಗೂ ಒಪ್ಪಿಗಿ ಐತಿ.”

ತಾನು ವಿಚಾರಿಸಿದ್ದು ಕೀಪರನನ್ನು, ವರನನ್ನಲ್ಲ ಎನ್ನಲು ಹಾಶಿಮ ಬಾಯಿ ತೆರೆದ. ಒಳಬಾಗಿಲಲ್ಲಿ ತಂಗಿ ನಜೀಮಾ ನಾಚಿಕೊಂಡು ನಗುತ್ತಿದ್ದಳು. ತೆರೆದ ಬಾಯಿಗೆ ಗೌಹರಬೇಗಂ ಪೇಢೆ ಇಟ್ಟಳು. ಹೋಗಲಿ, ಕೀಪರ್ ಮನೆಯವನೇ ಆದನಲ್ಲ ಎಂದು ಅವನಿಗೂ ಖುಷಿಯಾಯಿತು.

“ಹಂಗಾರ ಫಿರೋಜ್ ನಮ್ಮ ತಂಡಕ್ಕ ಯಾವಾಗ ಬರ್ತಾನ್ರಿ?”

ಉಸ್ಮಾನಸಾಬರ ಮುಖ ಗಂಟಿಕ್ಕಿತು. “ಹೆಣ್ಣಿನವರ ಊರಾಗ ಬಂದು ನಿಂತ್ರ ಮನಿ ಅಳ್ಯಾ ಆದ ಅಂತ ಮಂದಿ ಆಡ್ಕೊಳ್ಳಂಗಿಲ್ಲೇನ್ರಿ? ಅಂವ ಶಹಾಪುರಕ್ಕ ಆಡ್ತಾನ. ತೌಫೀಕ್‌ನ ಕಳಸ್ರಿ, ಮಾತು ಕೊಟ್ಟೀರಿ.”

ಹಾಶಿಮ ಹೆಂಡತಿಯ ಕಡೆ ನೋಡಿದ.

“ಗಂಡಿನ ಕಡೆಯವ್ರು ಕೇಳ್ಯಾರ,” ಎಂದಳು ಅವಳು ಮೆಲ್ಲಗೆ. “ಇಲ್ಲ ಅನ್ನಾಕ ಬರ್ತೈತೇನ್ರಿ?”

ಯಾದಗಿರಿಯ ಪಂದ್ಯದಲ್ಲಿ ರಂಗಂಪೇಟೆಯ ಗೋಲಿನ ಮುಂದೆ ಕಾಲಿಗೆ ಪ್ಯಾಡು ಕಟ್ಟಿಕೊಂಡು ಹಾಶಿಮನೇ ನಿಂತ. ಶಹಾಪುರದ ಅಂಗಿ ತೊಟ್ಟ ತೌಫೀಕ್ ಚೆಂಡು ತಳ್ಳಿಕೊಂಡು ಎದುರಿಗೇ ಬಂದ. ಅಕ್ಕನ ಗಂಡನನ್ನು ನೋಡಿ ಅವನಿಗೆ ಮರುಕ ಬಂದಿರಬೇಕು.

“ಭಾಯಿಜಾನ್, ನಿಮ್ಮ ಎಡಕ್ಕ ಹೊಡಿತೀನ್ರಿ,” ಎಂದ.

ಹಾಶಿಮ ನಂಬುವನೇ? ಬಲಕ್ಕೆ ಹಾರಿದ. ಚೆಂಡು ಎಡಕ್ಕೇ ಹೋಯಿತು.