ಮೂರು ತುಳಿತ

ಅಟ್ಟದ ಮೇಲಿಂದ ಸಾವಿರಗಟ್ಟಲೆ ತೆಂಗಿನಕಾಯಿ ಇಳಿಸಿದಾಗಲೂ ತುಟಿಪಿಟಕ್ಕೆನ್ನದ ಕಾಂತೇಶನ ಸೊಂಟ ಆ ಭಾನುವಾರ ಬೆಳಿಗ್ಗೆ ಒಂದೇ ಒಂದು ಸೀನಿಗೆ ಹಿಡಿದುಕೊಂಡಿತು. ಪಡಸಾಲೆ ಗುಡಿಸಲು ಬಗ್ಗಿದ್ದ, ಸೀನಿದ, ಬಗ್ಗಿದವನು ಬಗ್ಗಿಯೇ ಉಳಿದ.

ಅದೂ ಎಂಥ ದಿನ! ಮೂವತ್ತೆಂಟು ತುಂಬಿದ ಕಾಂತೇಶನನ್ನು ಅಲ್ಲಿಯವರೆಗೆ ಹದಿನಾರು ಹುಡುಗಿಯರು ಬೇಡವೆಂದಿದ್ದರು. ಹದಿನೇಳನೆಯವಳು ಚಿಕ್ಕನಾಯಕನಹಳ್ಳಿಯ ವನಜಾಕ್ಷಿ. ತನ್ನ ಫೋಟೋ ಕಳಿಸದೆ, ಮನೆಯನ್ನೂ ಹುಡುಗನನ್ನೂ ತಾನೇ ಬಂದು ನೋಡುತ್ತೇನೆ ಎಂದಿದ್ದಳು. ಹನ್ನೆರಡು ಗಂಟೆಗೆ ಬರುವವರಿದ್ದರು. ಅವಳಪ್ಪ ಮೊದಲೇ ಹೇಳಿದ್ದ, "ಆಸ್ತಿ ಆಮೇಲೆ. ಹುಡುಗ ಗಟ್ಟಿಮುಟ್ಟಾಗಿರ್ಬೇಕು ಅಷ್ಟೇ."

"ಅವ್ವಾ, ಸೊಂಟ ಹೋಯ್ತು!"

ತಾಯಿ ಹಾಲಮ್ಮ ಒಲೆ ಬಿಟ್ಟು ಓಡಿಬಂದಳು. ಪಕ್ಕದ ಮನೆಯ ರಾಧಾಮಣಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಶಾಖ ಕೊಟ್ಟ ಭರಕ್ಕೆ ನೋವು ಹೋಗಲಿಲ್ಲ, ಚರ್ಮ ಹೋಯಿತು. ಅಷ್ಟರಲ್ಲಿ ಎದುರು ಮನೆಯ ದುರ್ಗಯ್ಯ ಮೊಬೈಲ್ ಹಿಡಿದು ಹಾಜರಾದ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಬೇರೆಯವರ ಕಾಯಿಲೆಗಳನ್ನೇ ನೋಡಿಕೊಂಡಿದ್ದ.

"ಈ ವಿಡಿಯೋನ ನಾಕು ಲಕ್ಷ ಜನ ನೋಡವ್ರೆ ಕಣ್ಲಾ. ಬೋರಲು ಮಲ್ಕೊ. ಹಾವಿನಂಗೆ ಎದೆ ಎತ್ತು."

ಕಾಂತೇಶ ಚಾಪೆಯ ಮೇಲೆ ಬೋರಲು ಮಲಗಿ ಎದೆ ಎತ್ತಿದ. ಬೆನ್ನೊಳಗೆ ಏನೋ ಚಳಕ್ಕೆಂದಿತು. ಅಲ್ಲಿಯವರೆಗೆ ಬಗ್ಗಿಯಾದರೂ ನಡೆಯುತ್ತಿದ್ದವನು ಈಗ ಏಳಲೂ ಆಗದೆ ಬಿದ್ದುಕೊಂಡ.

"ಇದಕ್ಕೆ ಹುಚ್ಚಕ್ಕನ ಕಾಲೇ ಆಗ್ಬೇಕು. ಹೋಗಿ ಕರ್ಕಂಡ್ ಬಾ ದುರ್ಗಯ್ಯ," ಎಂದಳು ಹಾಲಮ್ಮ.

ಹುಚ್ಚಕ್ಕನಿಗೆ ಎಂಬತ್ತು ವರ್ಷ. ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂದವಳು. ಅಂಥವರು ಮೂರು ಸಲ ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ಆ ಕಡೆಯವರೆಲ್ಲ ನಂಬಿದ್ದರು. ಊರಿನ ಗಂಡಸರೆಲ್ಲ ಅವಳ ಕಾಲ ಕೆಳಗೆ ಮಲಗಿ ಎದ್ದವರೇ. ಆದರೆ ಊರನ್ನೆಲ್ಲ ತುಳಿದವಳನ್ನು ಮನೆ ತುಂಬಿಸಿಕೊಳ್ಳಲು ಒಬ್ಬನೂ ಮುಂದೆ ಬರಲಿಲ್ಲ. ಬೆನ್ನಿಗೆ ಬೇಕಾದ ಕಾಲು ಹೊಸಿಲಿಗೆ ಬೇಡವಾಯಿತು. ಜನರ ಬುದ್ಧಿಯೇ ಇಷ್ಟು. ಅವಳು ಒಂಟಿಯಾಗಿಯೇ ಮುದುಕಿಯಾದಳು.

ದುರ್ಗಯ್ಯ ಹೊರಟ. ಬರುವ ನೆಂಟರಿಗೆ ಒಳ್ಳೆಯ ಲೋಟ ತರಲು ಹಾಲಮ್ಮ ರಾಧಾಮಣಿಯ ಜೊತೆ ಅವಳ ಮನೆಗೆ ನಡೆದಳು. ಹೋಗುವಾಗ ಹೇಳಿದಳು, "ಹುಚ್ಚಕ್ಕ ಬಂದಾಗ ತಲೆ ಎತ್ತಬ್ಯಾಡ, ಮಾತಾಡಬ್ಯಾಡ. ಮೂರು ತುಳಿತ ಆಗೋಗಂಟ ನೆಲ ನೋಡ್ಕಂಡಿರು."

ಕಾಂತೇಶ ಒಬ್ಬನೇ ಉಳಿದ. ಅಟ್ಟದ ಮೇಲೆ ಇಲಿಗಳು ಓಡಾಡಿ ಒಣಗಿದ ಕಾಯಿಗಳು ಲೊಟಲೊಟ ಎನ್ನುತ್ತಿದ್ದವು. ಆ ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಹಿತ್ತಿಲ ಕೋಳಿಗಳೂ ಸುಮ್ಮನಾದವು. ಬಾಗಿಲ ಸದ್ದಾಗಲಿಲ್ಲ, ಹೆಜ್ಜೆ ಸದ್ದಾಗಲಿಲ್ಲ. ಬೆನ್ನ ಮೇಲೆ ಕಾಲೊಂದು ಬಂದು ಕೂತಿತು.

ಒದ್ದೆ ಕಾಲು. ಹಳೆ ಬಾವಿಯ ನೀರಿನಷ್ಟು ತಣ್ಣಗಿತ್ತು. ಅರಿಶಿನದ ವಾಸನೆ ಬೇರೆ. ಒಂದು ತುಳಿತ, ಎರಡು ತುಳಿತ. ಮೂರನೆಯದಕ್ಕೆ ತೂಕವೇ ಇರಲಿಲ್ಲ. ಆದರೂ ಸೊಂಟ ಲಟಕ್ಕೆಂದು ಬಿಟ್ಟುಕೊಂಡಿತು.

"ದೊಡ್ಡ ಉಪಕಾರ ಆಯ್ತು ಹುಚ್ಚಕ್ಕಾ!" ಎನ್ನುತ್ತ ಎದ್ದು ತಿರುಗಿದ. ಯಾರೂ ಇರಲಿಲ್ಲ. ತಲೆಬಾಗಿಲಿಂದ ಚಾಪೆಯವರೆಗೆ ಒದ್ದೆ ಹೆಜ್ಜೆಗಳಿದ್ದವು. ವಾಪಸ್ ಹೋದ ಹೆಜ್ಜೆ ಒಂದೂ ಇರಲಿಲ್ಲ.

ದುರ್ಗಯ್ಯ ಏದುಸಿರು ಬಿಡುತ್ತ ಬಂದ. "ಹುಚ್ಚಕ್ಕ ಬರಲ್ಲ ಕಣ್ಲಾ. ಬೆಳಿಗ್ಗೆ ಏಳಕ್ಕೇ ಹೋಗ್ಬುಟ್ಟವ್ಳೆ. ನಾನು ಹೋದಾಗ ಹೆಣಕ್ಕೆ ನೀರು ಹಾಕ್ತಿದ್ರು. ಅದಿರ್ಲಿ, ನೀನ್ಯಾವಾಗ ಎದ್ದೆ?"

ಕಾಂತೇಶ ಹೆಜ್ಜೆಗಳನ್ನು ತೋರಿಸಿದ. ದುರ್ಗಯ್ಯ ಹೊಸಿಲಾಚೆಗೆ ಹಾರಿದ. ಲೋಟ ಹಿಡಿದು ಬಂದ ಹಾಲಮ್ಮನ ಮುಖವೂ ಬಿಳುಚಿಕೊಂಡಿತು. ಆದರೆ ಮದುವೆಯಾಗದ ಮಗನ ತಾಯಿ ಬೇಗ ಸುಧಾರಿಸಿಕೊಂಡಳು.

"ಯಾರು ತುಳಿದ್ರೇನು, ಸೊಂಟ ನೆಟ್ಟಗಾಯ್ತಲ್ಲ. ಹುಡುಗಿ ಕಡೆಯೋರ ಮುಂದೆ ಯಾರೂ ಉಸಿರೆತ್ತಬ್ಯಾಡಿ. ಬಾ ದುರ್ಗಯ್ಯ, ಹೆಣದ ಮುಖ ನೋಡ್ಕಂಡು ಬಂದ್ಬುಡಾನ."

ಕಾಂತೇಶ ಹೊಸ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂತ. ಮುಂದೆ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಸಿದ್ಧವಾಗಿದ್ದವು. ಸಂಬಂಧ ಒಪ್ಪಿಗೆಯಾದರೆ ತಾಂಬೂಲ ಕೊಡಬೇಕು. ತಾಂಬೂಲ ಕೈ ಸೇರಿದ ಮೇಲೆ ಮಾತು ಹಿಂದಕ್ಕೆ ತೆಗೆಯುವ ಹಾಗಿಲ್ಲ.

"ಒಳೀಕ್ ಬರ್ಲಾ?"

ಹಸಿರು ಸೀರೆಯ ಹೆಂಗಸು ಹೊಸಿಲಾಚೆ ನಿಂತಿದ್ದಳು. ಮೂವತ್ತರ ಆಸುಪಾಸು. ಲಕ್ಷಣವಾಗಿದ್ದಳು. ಕಾಂತೇಶ ತಡಬಡಿಸಿ ಎದ್ದ. "ಬನ್ನಿ, ಬನ್ನಿ. ಒಬ್ರೇ ಬಂದ್ರಾ? ಉಳಿದೋರು?"

"ಎಲ್ಲಾರೂ ಹಿಂದಿಂದ ಬರೋರೇ. ಬೆನ್ನು ಹೆಂಗೈತೆ?"

ಕಾಂತೇಶ ಸೊಂಟ ಮುಟ್ಟಿ ನೋಡಿಕೊಂಡ. "ನಿಮಗೆ ಹೆಂಗೆ ಗೊತ್ತು?"

"ತುಳಿದೋಳು ನಾನೇ. ನಾನೂ ಕಾಲು ಮುಂದಾಗಿ ಹುಟ್ಟಿದೋಳು."

ಅವನಿಗೆ ಹೋದ ಜೀವ ಬಂತು. ಭೂತವಲ್ಲ, ಹುಡುಗಿ! ಬೇಗ ಬಂದಿದ್ದಾಳೆ, ಬಿದ್ದವನನ್ನು ಕಂಡು ತುಳಿದಿದ್ದಾಳೆ! ಸಂತೋಷಕ್ಕೆ ಜೋರಾಗಿ ನಕ್ಕ. ಅವಳು ನಗಲಿಲ್ಲ.

"ಕಾಲಲ್ಲಿ ತುಳಿದೋಳ್ನ ಯಾರೂ ಕಟ್ಕಳಲ್ಲ. ನೀವು?"

"ಹಂಗನ್ನೋರು ಮೂರ್ಖರು ಕಣ್ರೀ. ನಂಗೆ ಪೂರ್ತಿ ಒಪ್ಪಿಗೆ."

"ಹಂಗಾರೆ ತಾಂಬೂಲ ಕೊಡಿ."

ಹದಿನಾರು ಸಲ ಬೇಡವೆನಿಸಿಕೊಂಡವನು ಹಿರಿಯರು ಬರಲಿ ಎಂದು ಕಾದಾನೆಯೇ? ತಟ್ಟೆಯಲ್ಲಿದ್ದುದನ್ನೆಲ್ಲ ಎತ್ತಿ ಅವಳ ಸೆರಗಿಗೆ ಹಾಕಿದ. ಅವಳ ಕಣ್ಣು ತುಂಬಿ ಬಂತು. "ಮನೆ ನೋಡ್ತೀನಿ," ಎಂದು ಅಡುಗೆಮನೆಗೆ ಹೋದಳು.

ಆಗ ಫೋನ್ ಬಂತು. ವನಜಾಕ್ಷಿಯ ಅಪ್ಪ.

"ಕಾಂತೇಶಪ್ಪ, ಬೇಜಾರು ಮಾಡ್ಕಬ್ಯಾಡಿ. ಕಿಬ್ಬನಹಳ್ಳೀಲಿ ಬಸ್ ಇಳಿದ್ವಿ, ನಿಮ್ಮೂರಲ್ಲಿ ಸಾವಾಗೈತೆ ಅಂದ್ರು. ಶುಭಕಾರ್ಯಕ್ಕೆ ಬ್ಯಾಡ ಅಂತ ವಾಪಸ್ ಹೊಂಟ್ವಿ."

"ಮತ್ತೆ... ವನಜಾಕ್ಷಿಯವರು ಇಲ್ಲೇ..."

"ವನಜಾಕ್ಷಿ ನನ್ ಪಕ್ಕದಲ್ಲೇ ಕೂತವ್ಳೆ. ಕೊಡ್ಲಾ?"

ಕಾಂತೇಶ ಅಡುಗೆಮನೆಗೆ ಓಡಿದ. ಯಾರೂ ಇಲ್ಲ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಹೊರಗೆ ಜನರ ಗದ್ದಲ ಕೇಳಿಸಿತು. ಹಾಲಮ್ಮ ಅಳುತ್ತ ಒಳಗೆ ಬಂದಳು. ಹಿಂದೆ ದುರ್ಗಯ್ಯ, ರಾಧಾಮಣಿ, ಅವರ ಹಿಂದೆ ಊರಿನ ನಾಲ್ವರು ಹಿರಿಯರು.

"ಹುಚ್ಚಕ್ಕನ ಮಡಿಲಲ್ಲಿ ತಾಂಬೂಲ ಐತೆ ಕಣ್ಲಾ," ಎಂದ ದುರ್ಗಯ್ಯ. "ನಾವೆಲ್ಲ ನೋಡ್ತಾ ಕೂತಿದ್ದಂಗೇ ಬಂದ್ಬುಡ್ತು. ಕಾಯಿ ನಿಮ್ಮನೇದೇ ಅಂತ ನಿಮ್ಮವ್ವ ಗುರುತು ಹಿಡಿದ್ಲು."

ಹಿರಿಯರಲ್ಲೊಬ್ಬ ಗಂಟಲು ಸರಿಮಾಡಿಕೊಂಡ. "ಮದುವೆಯಾಗದೆ ಸತ್ತೋರಿಗೆ ಎಕ್ಕದ ಗಿಡದ ಜೊತೆ ತಾಳಿ ಕಟ್ಟಿಸಿ ಮಣ್ಣು ಮಾಡೋದು ನಮ್ಮ ಪದ್ಧತಿ. ಅವಳು ಗಂಡನ್ನ ಹುಡುಕ್ಕಂಡವ್ಳೆ. ಗಿಡ ಯಾಕಪ್ಪಾ? ನಡಿ, ಹೊತ್ತಾಗ್ತದೆ."

ಕಾಂತೇಶನಿಗೆ ಒಂದೇ ದಾರಿ ಹೊಳೆಯಿತು. "ಅಯ್ಯಯ್ಯೋ, ಸೊಂಟ! ಮತ್ತೆ ಹಿಡ್ಕಂತು!" ಎಂದು ಕೂಗಿ ಬಗ್ಗಲು ನೋಡಿದ. ಆಗಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿದ. ಸೊಂಟ ಒಂದಿಷ್ಟೂ ಬಗ್ಗಲಿಲ್ಲ.

"ಮದುಮಗ ಅಂದ್ರೆ ಹಿಂಗೆ ನಿಲ್ಬೇಕು," ಎಂದು ರಾಧಾಮಣಿ ಕಣ್ಣೊರೆಸಿಕೊಂಡಳು.