ದೀಪದ ಕಂಬದ ಕೆಳಗೆ ಏರಿಯಾ ಡಿನೈಯಲ್

ವೀರಣ್ಣ ಹಲಸೂರಿನ ಸೇನಾ ಕಚೇರಿಯೊಂದರಲ್ಲಿ ಗುಮಾಸ್ತ. ಬಂದೂಕು ಮುಟ್ಟಿದವನಲ್ಲ, ಕೊಡೆ ಬಿಚ್ಚುವಾಗಲೂ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುವ ಆಸಾಮಿ! ಆದರೆ ಟೈಪು ಮಾಡಿ ಮಾಡಿ ಸೇನೆಯ ಪದಗಳೆಲ್ಲ ಅವನ ನಾಲಿಗೆಯ ಮೇಲೆ ಬಿಡಾರ ಹೂಡಿದ್ದವು. ಆ ಸೋಮವಾರ ಚಹಾದ ಕಪ್ಪು ಕೆಳಗಿಟ್ಟು ಹೆಂಡತಿಯೆದುರು ಘೋಷಿಸಿಯೇ ಬಿಟ್ಟ.

"ಪ್ರೇಮಾ, ಈ ವಾರ ಮುಗಿಯೂದ್ರೊಳಗ ಆ ಮೂಲಿ ಶತ್ರುಮುಕ್ತ!"

ಆ ಮೂಲೆಯೆಂದರೆ ಹೊಸ ತಿಪ್ಪಸಂದ್ರದಲ್ಲಿ ಅವರು ಬಾಡಿಗೆಗಿದ್ದ ಮನೆಯ ಗೇಟಿನೆದುರು ಮೂರು ರಸ್ತೆ ಕೂಡುವ ಜಾಗ. ಶತ್ರುಗಳೆಂದರೆ ನಸುಕಿನಲ್ಲಿ ಕೆಲಸಕ್ಕೆ ಹೋಗುತ್ತ, ಬೈಕು ನಿಲ್ಲಿಸುವ ಸೌಜನ್ಯವೂ ಇಲ್ಲದೆ ಕಸದ ಚೀಲ ಎಸೆದು ಹೋಗುವ ಮಹಾಶಯರು. ಬೋರ್ಡು ಹಾಕಿದ್ದಾಯಿತು, ಕೂಗಾಡಿದ್ದಾಯಿತು, ದೇವರ ಪಟ ಅಂಟಿಸಿದ್ದೂ ಆಯಿತು. ಪಾಪ, ದೇವರು ಮೂಗು ಮುಚ್ಚಿಕೊಳ್ಳಲೂ ಆಗದೆ ಆ ಕಸದ ನಡುವೆ ನಿಂತಿದ್ದ.

"ಕೋಲು ಹಿಡ್ಕೊಂಡು ಕಾವಲು ನಿಲ್ತೀರೇನು?" ಎಂದಳು ಪ್ರೇಮಕ್ಕ.

"ಛೇ! ಏರಿಯಾ ಡಿನೈಯಲ್! ಅಂದ್ರ ಗುಂಡು ಹಾರಸೂದಿಲ್ಲ, ಬಡದಾಡೂದಿಲ್ಲ. ನೆಲ ಬಯಲಾಗೇ ಇರತೈತಿ, ಆದ್ರ ವೈರಿಗೆ ಕಾಲಿಡಾಕ ಧೈರ್ಯ ಆಗಬಾರದು. ಇಲ್ಲೇನೋ ಹುಗದೈತಿ ಅನ್ನೂ ಅನುಮಾನ ಇದ್ರ ಸಾಕು."

"ನೀವೇನು ಹುಗೀತೀರಿ?"

"ಅದು ಸೇನಾ ರಹಸ್ಯ!"

ಮರುದಿನ ಬೆಳಕು ಹರಿಯುವ ಮೊದಲೇ ರಹಸ್ಯ ದೀಪದ ಕಂಬದ ಕೆಳಗೆ ಕೂತಿತ್ತು. ಕೊಯ್ದು ಕುಂಕುಮ ತುಂಬಿದ ನಿಂಬೆಹಣ್ಣು, ಸುತ್ತ ಒಣಮೆಣಸಿನಕಾಯಿ, ಕರಿದಾರ, ಅಲಮಾರಿಯ ಡಬ್ಬಿಯಲ್ಲಿ ಕೈಗೆ ಸಿಕ್ಕಿದ ಒಡೆದ ಹಸಿರು ಬಳೆ. ಮೊದಲ ಬೈಕು ಬಂತು. ಸವಾರ ಚೀಲ ಎತ್ತಿದ, ಕೆಳಗೆ ನೋಡಿದ, ಎತ್ತಿದ ಚೀಲವನ್ನು ಎದೆಗವಚಿಕೊಂಡು ಹೋದ! ಪರದೆಯ ಹಿಂದೆ ನಿಂತ ವೀರಣ್ಣ ತನಗೆ ತಾನೇ ಸಲ್ಯೂಟು ಹೊಡೆದುಕೊಂಡ.

ವಿಜಯ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹಾಲಿನವನು ಪ್ಯಾಕೆಟ್ಟುಗಳನ್ನು ರಸ್ತೆಯ ಆ ತುದಿಯಲ್ಲೇ ಇಟ್ಟು ಹೋದ. ಕಸ ಗುಡಿಸುವವರು ಆ ಜಾಗವನ್ನು ಬಿಟ್ಟು ಸುತ್ತ ಗುಡಿಸಿದರು. ಸಂಜೆ ಮಕ್ಕಳ ಚೆಂಡು ಉರುಳುತ್ತ ಹೋಗಿ ನಿಂಬೆಹಣ್ಣಿನ ಪಕ್ಕ ನಿಂತಿತು. ಅದನ್ನು ತರಲು ಯಾರೂ ಹೋಗಲಿಲ್ಲ. ಆಮೇಲೆ ಆಟವೂ ನಿಂತಿತು. ಗಲಗಲ ಎನ್ನುತ್ತಿದ್ದ ಬೀದಿಯಲ್ಲಿ ದೀಪದ ಕಂಬದ ಗುಂಯ್‌ಗುಡುವಿಕೆಯೊಂದೇ ಕೇಳುತ್ತಿತ್ತು. ಆ ಸದ್ದಿಗೆ ವೀರಣ್ಣನಿಗೇ ಯಾಕೋ ಇರಿಸುಮುರಿಸಾಯಿತು.

ಅಷ್ಟರಲ್ಲಿ ಕೆಳಮನೆಯಿಂದ ಮನೆಯೊಡತಿ ಆಂಜನಮ್ಮ ಗೋಳಾಡುತ್ತ ಬಂದಳು. ಹೆರಿಗೆಗೆಂದು ಬಂದಿದ್ದ ಅವಳ ಮಗಳು ಹಂಸ ಕಿಟಕಿಯಿಂದ ಆ ನಿಂಬೆಹಣ್ಣನ್ನು ನೋಡಿಬಿಟ್ಟಿದ್ದಳು. ಊಟ ಸೇರುತ್ತಿಲ್ಲ, ತಪಾಸಣೆಗೆ ಹೋಗಲು ಹೊಸ್ತಿಲು ದಾಟುತ್ತಿಲ್ಲ.

"ನಮ್ ಮಗೀನ್ ಮ್ಯಾಲೆ ಯಾರೋ ಮಾಟ ಮಾಡ್ಸವ್ರೆ ಪ್ರೇಮಕ್ಕ! ನಾಳೆ ಸಂಜೆ ಕರ್ಪೂರ ಹಚ್ತೀನಿ. ಎಲ್ರೂ ಅಂಗೈಲಿ ಆರ್ಸಿ ಪ್ರಮಾಣ ಮಾಡ್ಬೇಕು. ಮಡಗಿದ್ದೋರು ಈ ಮನೇಲೇ ಇದ್ರೆ ಗಂಟುಮೂಟೆ ಕಟ್ಟೋದೇಯ!"

ವೀರಣ್ಣನಿಗೆ ಮನೆ ಹೋಗುವ ಭಯ ಒಂದು ಕಡೆ. ಅದಕ್ಕಿಂತ, ಆ ಬಸುರಿ ಹುಡುಗಿ ತನ್ನಿಂದಾಗಿ ಉಪವಾಸ ಕೂತಿದ್ದಾಳೆ ಎಂಬುದು ಕರುಳು ಹಿಂಡಿತು. ನಸುಕಿನಲ್ಲೇ ಎಲ್ಲವನ್ನೂ ಎತ್ತಿಬಿಡುವುದೆಂದು ನಿಶ್ಚಯಿಸಿದ.

ನಸುಕಿನಲ್ಲಿ ಹೊರಗೆ ಮಂಜು. ಗೇಟು ದಾಟಿ ಬಗ್ಗಿ ನೋಡಿದ. ಅವನ ನಿಂಬೆಹಣ್ಣಿನ ಪಕ್ಕದಲ್ಲಿ ಒಂದು ಬೂದುಗುಂಬಳಕಾಯಿ ಕೂತಿತ್ತು! ಅದನ್ನು ಅವನು ಇಟ್ಟಿರಲಿಲ್ಲ. ಅದಕ್ಕೆ ಕಪ್ಪು ಕಣ್ಣುಗಳಿದ್ದವು. ಕಣ್ಣಿನ ಕೆಳಗೆ ಸಾಲಾಗಿ ಬಿಳಿ ಹಲ್ಲುಗಳಿದ್ದವು. ಮಂಜು ಸರಿದಾಗ ಅದು ಕೊಂಚ ಇವನ ಕಡೆಗೇ ತಿರುಗಿದಂತೆ ಕಂಡಿತು.

ಒಂದು ಚಪ್ಪಲಿ ಗೇಟಿನ ಹೊರಗೇ ಉಳಿಯಿತು. ಅದನ್ನು ತರಲು ವೀರಣ್ಣ ಮರಳಿ ಹೋಗಲಿಲ್ಲ.

ಸಂಜೆ ಕರೆಂಟು ಹೋಗಿತ್ತು. ಆಂಜನಮ್ಮನ ಹಜಾರದಲ್ಲಿ ತಟ್ಟೆಯ ಮೇಲೆ ಕರ್ಪೂರ ಉರಿಯುತ್ತಿತ್ತು. ಬಾಗಿಲಿಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಹಂಸ ನಿಂತಿದ್ದಳು.

"ಮೊದ್ಲು ಗಂಡಸ್ರು," ಎಂದಳು ಆಂಜನಮ್ಮ.

ಅಲ್ಲಿದ್ದ ಗಂಡಸು ಒಬ್ಬನೇ! ವೀರಣ್ಣ ಅಂಗೈ ಚಾಚಿದ. ಜ್ವಾಲೆ ಅವನತ್ತ ಬಾಗಿತು. ಹಂಸಳ ಮುಖ ನೋಡಿದ. ಕೈ ತಾನಾಗಿ ಹಿಂದೆ ಬಂತು.

"ನಾನೇ ಇಟ್ಟಾಂವ! ಕಸ ಒಗಿಯೋರಿಗೆ ಹೆದರಸಾಕ ಇಟ್ಟೆ, ನಿನಗಲ್ಲವ್ವಾ ಹಂಸಾ! ತಪ್ಪಾತು." ಅವನ ಕಣ್ಣುಗಳು ನಿಜಕ್ಕೂ ತುಂಬಿದ್ದವು. "ಆದ್ರ ದೇವರಾಣೆ, ಆ ಕುಂಬಳಕಾಯಿ ನಂದಲ್ಲ!"

"ಗೊತ್ತೈತಿ, ಅದು ನಂದು," ಎಂದಳು ಪ್ರೇಮಕ್ಕ. "ನಮ್ಮವ್ವ ಕೊಟ್ಟ ಬಳಿ ಅಲ್ಲಿ ಬಿದ್ದದ್ದು ನೋಡಿದ ಕೂಡ್ಲೇ ಇದು ಯಾರ ಯುದ್ಧ ಅಂತ ತಿಳೀತು. ನಿನ್ನೆ ಸಂಜೀಗೇ ಇವರಿಗೆಲ್ಲಾ ಹೇಳಿ, ಹಂಸಗ ಉಣಿಸಿ, ಆಮ್ಯಾಲ ಕುಂಬಳಕಾಯಿ ಇಟ್ಟೆ. ನೀವಾಗಿ ಬಾಯಿ ಬಿಡ್ಲಿ ಅಂತ!"

"ಕಣ್ಣು ಬರ್ದಿದ್ದು ನಾನು ಅಂಕಲ್, ನನ್ ಕಾಡಿಗೇಲಿ," ಎಂದು ಹಂಸ ಕಿಸಕ್ಕನೆ ನಕ್ಕಳು. ಆಂಜನಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಹೋದ ಜೀವ ಬಂದಂತಾಗಿ ವೀರಣ್ಣನೂ ನಕ್ಕ. "ಕಣ್ಣು ಹೋಗ್ಲಿ ಬಿಡವ್ವ, ಆ ಹಲ್ಲು ಯಾರು ಮಾಡಿದ್ದು? ಭಾರೀ ಆಗಿದ್ವು!"

ಈ ಸಲ ಯಾರೂ ನಗಲಿಲ್ಲ.

"ಯಾವ ಹಲ್ಲು?" ಎಂದಳು ಪ್ರೇಮಕ್ಕ.

"ಬೆಳ್ಳಗ... ಸಾಲಾಗಿ..."

"ನಾವ್ ಹಲ್ಲು ಮಡಗಿಲ್ವಲ್ಲಪ್ಪ," ಎಂದಳು ಆಂಜನಮ್ಮ ಮೆಲ್ಲಗೆ. ಕರ್ಪೂರ ಆರಿತು.

ಕತ್ತಲಲ್ಲಿ ಪ್ರೇಮಕ್ಕನ ದನಿ ಕೇಳಿತು: "ಹೋಗ್ರಿ, ಇಟ್ಟೋರೇ ತಗದು ಬರ್ರಿ."

ವೀರಣ್ಣ ಹೊಸ್ತಿಲು ದಾಟಿದ. ಮೆಟ್ಟಿಲಿಳಿದ. ಗೇಟಿನಾಚೆ ಕಂಬದ ಕೆಳಗೆ ಬೆಳ್ಳಗೆ ಏನೋ ಮಿನುಗಿತು. ಅವನು ಹಿಂದಿರುಗಿ ಕೂಗಿದ.

"ಪ್ರೇಮಾ, ನೀನೂ ಜೋಡಿಗೆ ಬರ್ತೀಯೇನ?"

"ಏರಿಯಾ ಡಿನೈಯಲ್ ರೀ!" ಎಂದ ಪ್ರೇಮಕ್ಕ ಒಳಗಿನಿಂದ ಚಿಲಕ ಹಾಕಿಕೊಂಡಳು.